ನಾಲ್ಕು ವಾರದ ಗುರಿ: ಮೊದಲು ಗಂಟೆ ಎಣಿಸಿ, ಆಮೇಲೆ ಆಸೆ ಪಡಿ

ಜನವರಿ ಒಂದಕ್ಕೆ ಒಂದು ಪಟ್ಟಿ, ಯುಗಾದಿಗೆ ಇನ್ನೊಂದು, ಹುಟ್ಟುಹಬ್ಬಕ್ಕೆ ಮತ್ತೊಂದು. ಇಂಗ್ಲಿಷ್ ಸುಧಾರಿಸಬೇಕು, ತೂಕ ಇಳಿಸಬೇಕು, ದುಡ್ಡು ಉಳಿಸಬೇಕು, ಗಿಟಾರ್ ಕಲಿಯಬೇಕು. ಇದರಲ್ಲಿ ಯಾವ ಆಸೆಯೂ ತಪ್ಪಲ್ಲ. ಆದರೆ ಯಾವ ಪಟ್ಟಿಯಲ್ಲೂ ಗಂಟೆಯ ಲೆಕ್ಕ ಇರುವುದಿಲ್ಲ. ಮದುವೆಗೆ ಛತ್ರ ನೋಡುವವರು ಮೊದಲು ಎಷ್ಟು ಜನ, ಎಷ್ಟು ದುಡ್ಡು ಅಂತ ಕೂತು ಲೆಕ್ಕ ಹಾಕುತ್ತಾರೆ. ಸ್ವಂತ ಗುರಿಯ ವಿಷಯ ಬಂದಾಗ ಮಾತ್ರ ನಾವು ಛತ್ರ ಬುಕ್ ಮಾಡಿ ಆಮೇಲೆ ಜೇಬು ನೋಡಿಕೊಳ್ಳುತ್ತೇವೆ.

ಇಲ್ಲಿ ಹೇಳುವ ಕ್ರಮ ಅದಕ್ಕೆ ಉಲ್ಟಾ. ಮೊದಲು ಸಮಯ ಎಣಿಸುವುದು, ಆಮೇಲೆ ಅದರೊಳಗೆ ಹಿಡಿಸುವಷ್ಟೇ ಗುರಿ ಇಡುವುದು. ಅವಧಿ ನಾಲ್ಕು ವಾರ.

ನಾಲ್ಕೇ ವಾರ ಯಾಕೆ

ವರ್ಷದ ಗುರಿಗೆ ಕೊನೆ ಕಾಣುವುದಿಲ್ಲ. ಫೆಬ್ರವರಿಯಲ್ಲಿ ಕೂತು ಡಿಸೆಂಬರ್ ನೆನೆದರೆ ಯಾರಿಗೂ ಅವಸರ ಹುಟ್ಟುವುದಿಲ್ಲ. ಮನೋವಿಜ್ಞಾನಿಗಳಾದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ 1981ರಲ್ಲಿ ಇದನ್ನು ಮಕ್ಕಳ ಮೇಲೆ ನೋಡಿದರು. ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ 42 ಪುಟದ ಅಭ್ಯಾಸ ಕೊಟ್ಟರು, ಒಟ್ಟು 7 ಸಲ ಕೂರಬೇಕು. ಒಂದು ಗುಂಪಿಗೆ ಪ್ರತಿ ಸಲ 6 ಪುಟ ಮುಗಿಸಿ ಎಂದರು. ಇನ್ನೊಂದು ಗುಂಪಿಗೆ ಕೊನೆಯ ಹೊತ್ತಿಗೆ 42 ಪುಟ ಮುಗಿಯಲಿ ಎಂದರು. ಕೆಲಸ ಒಂದೇ, ಪುಟ ಅಷ್ಟೇ. ಆದರೂ 6 ಪುಟದ ಗುಂಪು ಚೆನ್ನಾಗಿ ಕಲಿಯಿತು, ಲೆಕ್ಕದ ಮೇಲೆ ಅವರಿಗೆ ಇಷ್ಟವೂ ಬೆಳೆಯಿತು. ದೂರದ ಗುರಿ ಇದ್ದವರಿಗೂ ಗುರಿಯೇ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಒಂದು ವಾರ ಸಾಕಲ್ವಾ? ಸಾಲದು. ಒಂದು ವಾರದಲ್ಲಿ ಒಂದು ಜ್ವರ, ಒಂದು ಸೀಮಂತ ಬಂದರೆ ಲೆಕ್ಕ ಮುಗಿಯಿತು. ನಾಲ್ಕು ವಾರದಲ್ಲಿ ಒಂದು ಸಂಬಳ ಬರುತ್ತದೆ, ಒಂದು ಹಬ್ಬ ಬರಬಹುದು, ಒಂದು ವಾರ ಹಾಳಾದರೂ ಮೂರು ಉಳಿಯುತ್ತವೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ವಾಟ್ಸಾಪ್ ಸುಭಾಷಿತವನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿದ ಸಮಯ 18 ದಿನದಿಂದ 254 ದಿನದವರೆಗೆ ಹರಡಿತ್ತು, ನಡುವಿನ ಅಂಕಿ 66. ಹಾಗಾಗಿ ನಾಲ್ಕು ವಾರದಲ್ಲಿ ಹೊಸ ಮನುಷ್ಯರಾಗುವ ಯೋಚನೆ ಬಿಡಿ. ಮುಗಿಸಿ ಪಕ್ಕಕ್ಕಿಡಬಹುದಾದ ಒಂದು ಕೆಲಸ ಹುಡುಕಿ.

ಹೆಜ್ಜೆ 1: ಯಾವ ನಾಲ್ಕು ವಾರ?

ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಕೆಳಗಿಳಿಸಿ. ಫೋನಿನ ಕ್ಯಾಲೆಂಡರ್ ಇದಕ್ಕೆ ಸಾಲದು, ಅದರಲ್ಲಿ ಆಫೀಸಿನ ಮೀಟಿಂಗ್ ಇರುತ್ತದೆಯೇ ಹೊರತು ಷಷ್ಠಿ, ಸಂಕಷ್ಟಿ, ಅತ್ತೆಮನೆಯ ವ್ರತ ಇರುವುದಿಲ್ಲ.

ಶ್ರಾವಣ ಶುರುವಾದರೆ ವರಮಹಾಲಕ್ಷ್ಮಿ, ಅದರ ಹಿಂದೆ ಗೌರಿ ಗಣೇಶ, ಆಮೇಲೆ ದಸರಾ. ಮನೆ ನಡೆಸುವವರು ಈ ಅವಧಿಯಲ್ಲಿ ದೊಡ್ಡ ಗುರಿ ಹಾಕಿಕೊಂಡರೆ ಸುಮ್ನೆ ತಮಗೆ ತಾವೇ ಬೈದುಕೊಳ್ಳುವುದೇ ಆಗುತ್ತದೆ. ನನ್ನ ಪ್ರಕಾರ ಸ್ವಂತ ಕೆಲಸಕ್ಕೆ ಅತಿ ಒಳ್ಳೆಯ ತಿಂಗಳು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಭಾನುವಾರಗಳು ಖಾಲಿ. ಅದು ಬಿಟ್ಟರೆ ಧನುರ್ಮಾಸ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ಹೇಗೂ ಪೂಜೆಯ ನೆಪದಲ್ಲಿ ಮನೆಯಲ್ಲಿ ಯಾರಾದರೂ ಬೇಗ ಏಳುತ್ತಾರೆ, ನೀವೂ ಎದ್ದುಬಿಡಬಹುದು. ಅಕೌಂಟ್ಸ್ ಕೆಲಸದವರು ಮಾರ್ಚ್ ತಿಂಗಳನ್ನು ಮುಟ್ಟಲೇಬೇಡಿ. ಸಂಜೆ ಓಟ, ನಡಿಗೆ ಅನ್ನುವವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಳಗ್ಗೆಗೆ ಬದಲಾಯಿಸಿಕೊಳ್ಳಿ, ಆಫೀಸು ಬಿಡುವ ಹೊತ್ತಿಗೆ ಮಳೆ ಹಿಡಿದುಕೊಳ್ಳುವುದು ನಮ್ಮ ಬೆಂಗಳೂರಿನ ಹಣೆಬರಹ.

ಶುರು ಮಾಡುವ ದಿನ ಸೋಮವಾರ ಆಗಲಿ, ತಿಂಗಳ ಒಂದನೇ ತಾರೀಖು ಆಗಲಿ, ಹಬ್ಬದ ಮರುದಿನ ಆಗಲಿ. ಇಂಥ ದಿನಗಳಲ್ಲಿ ಜನರಿಗೆ ಹೊಸದಾಗಿ ಶುರು ಮಾಡುವ ಹುರುಪು ಜಾಸ್ತಿ ಇರುತ್ತದೆ ಎಂದು 2014ರಲ್ಲಿ ಹೆಂಗ್‌ಚೆನ್ ಡೈ, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಸಂಶೋಧಕರು ತೋರಿಸಿದ್ದಾರೆ. ಹುರುಪು ಪುಕ್ಕಟೆ ಸಿಗುವಾಗ ಬಿಡುವುದೇಕೆ.

ಹೆಜ್ಜೆ 2: ಗಂಟೆ ಎಣಿಸುವುದು

ಇದೇ ಮುಖ್ಯ ಹೆಜ್ಜೆ. ಎಲ್ಲರೂ ಹಾರಿಸುವ ಹೆಜ್ಜೆಯೂ ಇದೇ. ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್ ಕಡೆ. ನೇರಳೆ ಮಾರ್ಗದ ಮೆಟ್ರೊ ಇರುವುದರಿಂದ ನಡುವೆ ಬದಲಾಯಿಸುವ ಗೋಳಿಲ್ಲ, ಆದರೂ ಮನೆ ಬಾಗಿಲಿನಿಂದ ಆಫೀಸಿನ ಕುರ್ಚಿಯವರೆಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ.

ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆ ನಿದ್ದೆ, 49 ಹೋಯಿತು. ಆಫೀಸು 5 ದಿನ, 9 ಗಂಟೆಯಂತೆ 45. ಓಡಾಟ ದಿನಕ್ಕೆ 3 ಗಂಟೆ, ಒಟ್ಟು 15. ಉಳಿದದ್ದು 59. ಅಡುಗೆ, ಸ್ನಾನ, ಊಟ, ಬಟ್ಟೆ, ತರಕಾರಿ, ಮಕ್ಕಳ ಹೋಮ್‌ವರ್ಕ್ ಎಲ್ಲಾ ಸೇರಿ ದಿನಕ್ಕೆ 4 ಗಂಟೆ ಅಂದರೂ 28. ಉಳಿದದ್ದು 31. ಇಷ್ಟು ನೋಡಿ, ಅಯ್ಯೋ 31 ಗಂಟೆ ಇದೆಯಲ್ಲ ಎಂದು ಖುಷಿಪಡಬೇಡಿ. ಈ 31ರಲ್ಲಿ ಮನೆಯವರ ಜೊತೆ ಮಾತು, ಊರಿನಿಂದ ಬಂದ ಫೋನು, ಸುಸ್ತು, ರೀಲ್ಸು, ಭಾನುವಾರ ಮಧ್ಯಾಹ್ನದ ನಿದ್ದೆ, ಗ್ಯಾಸ್ ಬುಕಿಂಗು, ಸ್ಕೂಟರ್ ಸರ್ವಿಸು ಎಲ್ಲಾ ಇವೆ. ಅವು ಬೇಕು ಕೂಡ. ಇದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮುಟ್ಟಬೇಡಿ. ಅಂದರೆ ವಾರಕ್ಕೆ 7 ಗಂಟೆ, ನಾಲ್ಕು ವಾರಕ್ಕೆ 28.

ಈಗ ಇನ್ನೊಂದು ಕತ್ತರಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಊಹಿಸುವುದರಲ್ಲಿ ಮನುಷ್ಯರು ಬಹಳ ಕಚ್ಚಾ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. 1994ರಲ್ಲಿ ಕೆನಡಾದ ಸಂಶೋಧಕರು ತಮ್ಮ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ಎಂದು ಕೇಳಿದಾಗ ಸುಮಾರು 49 ದಿನ. ನಿಜವಾಗಿ ಹಿಡಿದದ್ದು 55ಕ್ಕೂ ಜಾಸ್ತಿ. ಅವರ ಅತಿ ಕೆಟ್ಟ ಊಹೆಯೂ ಸಾಲಲಿಲ್ಲ, ನೋಡಿ.

34 ಎಲ್ಲಿ, 55 ಎಲ್ಲಿ, ಸುಮಾರು 1.6 ಪಟ್ಟು. ಆ ಅಂಕಿಯನ್ನೇ ತಾತ್ಕಾಲಿಕವಾಗಿ ಸಾಲ ತೆಗೆದುಕೊಳ್ಳಿ. ಕೈಯಲ್ಲಿರುವ 28 ಗಂಟೆಯನ್ನು 1.6ರಿಂದ ಭಾಗಿಸಿದರೆ ಹದಿನೇಳೂವರೆ. ಅಂದರೆ ನಿಮ್ಮ ತಲೆಗೆ 17-18 ಗಂಟೆಯ ಕೆಲಸ ಎಂದು ತೋರುವ ಗುರಿಯನ್ನಷ್ಟೇ ಈ ನಾಲ್ಕು ವಾರಕ್ಕೆ ಇಟ್ಟುಕೊಳ್ಳಬೇಕು. ಸಣ್ಣದಾಯಿತು ಅನ್ನಿಸುತ್ತದೆ. ಅನ್ನಿಸಲಿ.

ಮನೆಯಲ್ಲೇ ಇರುವ ಹೆಂಗಸರು ಈ ಲೆಕ್ಕ ಹಾಕಿದರೆ ಕೊನೆಗೆ ಉಳಿಯುವುದು ಬಹಳ ಸಲ ಸೊನ್ನೆ. ಹೊರಗಿನವರ ಕಣ್ಣಿಗೆ ದಿನವೆಲ್ಲಾ ಬಿಡುವು, ಒಳಗೆ ಹತ್ತು ನಿಮಿಷ ಒಂದೇ ಕಡೆ ಕೂರುವ ಹಾಗಿಲ್ಲ. ಅಂಥವರ ಮೊದಲ ಕೆಲಸ ಗುರಿ ಬರೆಯುವುದಲ್ಲ, ಲೆಕ್ಕದ ಹಾಳೆಯನ್ನು ಮನೆಯವರ ಮುಂದೆ ಇಟ್ಟು ವಾರಕ್ಕೆ ನಾಲ್ಕು ಗಂಟೆ ವಸೂಲಿ ಮಾಡುವುದು.

ಹೆಜ್ಜೆ 3: ಒಂದೇ ಗುರಿ, ಒಂದೇ ಸಾಲು

ಅಪ್ರೈಸಲ್ ಹೊತ್ತಿಗೆ ಆಫೀಸಿನಲ್ಲಿ ಸ್ಮಾರ್ಟ್ ಗೋಲ್ ಎಂದು ಕೇಳಿ ಕೇಳಿ ಸಾಕಾಗಿರುತ್ತದೆ. ಜಾರ್ಜ್ ಡೊರನ್ ಎಂಬುವರು 1981ರಲ್ಲಿ ಮ್ಯಾನೇಜರುಗಳಿಗಾಗಿ ಬರೆದ ಸಣ್ಣ ಲೇಖನದಿಂದ ಬಂದದ್ದು ಅದು. ಅದರ ಐದು ಅಕ್ಷರ (S, M, A, R, T) ಬಾಯಿಪಾಠ ಮಾಡುವ ಅಗತ್ಯವಿಲ್ಲ. ಒಂದೇ ಪರೀಕ್ಷೆ ಸಾಕು: ನಾಲ್ಕನೇ ಭಾನುವಾರ ಮೂರನೆಯವರೊಬ್ಬರು ಬಂದು ನೋಡಿದರೆ, ಆಯಿತು ಅಥವಾ ಆಗಲಿಲ್ಲ ಎಂದು ಹೇಳಲು ಬರಬೇಕು.

"ಎಕ್ಸೆಲ್ ಕಲಿಯಬೇಕು" ಎಂದರೆ ಅವರಿಗೆ ಹೇಳಲು ಬರುವುದಿಲ್ಲ. "ಈ ತಿಂಗಳ ಸೇಲ್ಸ್ ರಿಪೋರ್ಟನ್ನು ಯಾರನ್ನೂ ಕೇಳದೆ ಪಿವಟ್ ಟೇಬಲ್ ಹಾಕಿ ನಾನೇ ಮಾಡಿಕೊಡುತ್ತೇನೆ" ಎಂದರೆ ಬರುತ್ತದೆ. ಪಿವಟ್ ಟೇಬಲ್ ಅಂದರೆ ರಾಶಿ ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಎಕ್ಸೆಲ್ ಪಟ್ಟಿ. ನಮ್ಮ ವಿಜಯನಗರದವರ ಗುರಿ ಇದೇ ಆಗಿರಲಿ.

ಗುರಿ ನಿಮ್ಮ ಕೈಯಲ್ಲಿರುವ ಕೆಲಸದ ಮೇಲೆ ನಿಲ್ಲಲಿ. ನಾಲ್ಕು ಕಿಲೋ ಇಳಿಸುವುದು ನಿಮ್ಮ ಕೈಯಲ್ಲಿಲ್ಲ, ತೂಕದ ಯಂತ್ರ ಒಂದೇ ದಿನದಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು ತೋರಿಸುತ್ತದೆ. ವಾರಕ್ಕೆ ನಾಲ್ಕು ಬೆಳಗ್ಗೆ ಲಾಲ್‌ಬಾಗಿನಲ್ಲಿ ಮುಕ್ಕಾಲು ಗಂಟೆ ನಡೆಯುವುದು ನಿಮ್ಮ ಕೈಯಲ್ಲಿದೆ. ದುಡ್ಡಿನ ಗುರಿಗೂ ಇದೇ ಮಾತು. ಖರ್ಚು ಕಡಿಮೆ ಮಾಡುತ್ತೇನೆ ಎಂದು ತಿಂಗಳೆಲ್ಲಾ ಹಲ್ಲು ಕಚ್ಚಿ ಕೂರುವುದಕ್ಕಿಂತ, ಸಂಬಳ ಬಂದ ದಿನವೇ 5000 ರೂಪಾಯಿಯನ್ನು ಯುಪಿಐ ಜೋಡಿಸದ ಇನ್ನೊಂದು ಖಾತೆಗೆ ಕಳಿಸಿಬಿಡಿ, ಉಳಿದದ್ದರಲ್ಲಿ ತಿಂಗಳು ನಡೆಸಿ. ಈ ಗುರಿಗೆ ಹತ್ತು ನಿಮಿಷ ಸಾಕು, ಗಂಟೆ ಲೆಕ್ಕವೇ ಬೇಡ. ಆಮೇಲೆ ಬರುವ ಕಷ್ಟ ಬೇರೆ, ರಾತ್ರಿ ಒಂಬತ್ತಕ್ಕೆ ಆ್ಯಪಿನಲ್ಲಿ ಬಿರಿಯಾನಿ ತರಿಸುವ ಆಸೆ. ಅದಕ್ಕೆ ಐದನೇ ಹೆಜ್ಜೆಯಲ್ಲಿ ಬರುತ್ತೇನೆ.

ಅವಧಿಗೆ ಗುರಿ ದೊಡ್ಡದಾದರೆ ಗುರಿಯನ್ನು ಕತ್ತರಿಸಿ, ಅವಧಿಯನ್ನು ಎಳೆಯಬೇಡಿ. ಕಬ್ಬನ್ ಪಾರ್ಕಿನಲ್ಲಿ 5 ಕಿಲೋಮೀಟರ್ ಓಡಬೇಕು ಎನ್ನುವ ಆಸೆ ಈ ಊರಿನಲ್ಲಿ ಬಹಳ ಜನಕ್ಕಿದೆ. ಒಂದು ದಿನವೂ ಓಡದವರಿಗಾಗಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಹೇಳಿಕೊಡುವ ಪ್ರಸಿದ್ಧ ತರಬೇತಿ ಕ್ರಮ ಇದೆ, ಅದೇ 9 ವಾರದ್ದು, ವಾರಕ್ಕೆ 3 ಓಟ. ಅದರ ನಾಲ್ಕನೇ ವಾರದಲ್ಲಿ ಒಬ್ಬರು ಮಾಡುವುದು ಇಷ್ಟು: 3 ನಿಮಿಷ ಓಟ, ನಡುವೆ ನಡಿಗೆ, 5 ನಿಮಿಷ ಓಟ, ಮತ್ತೆ ನಡಿಗೆ, ಹೀಗೆ ಎರಡು ಸುತ್ತು. ಹಾಗಾದರೆ ನಾಲ್ಕು ವಾರದ ಗುರಿ "5 ನಿಮಿಷ ನಿಲ್ಲದೆ ಓಡುವುದು". ಮಂಡಿ, ಎದೆ, ಬಿಪಿ ತೊಂದರೆ ಇದ್ದವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮೊದಲ ಓಟಕ್ಕೆ ಅದೇ ಒಳ್ಳೆಯ ದಿನ.

ಎರಡು ಗುರಿ ಇಟ್ಟುಕೊಳ್ಳಬಹುದಾ? ಬೇಡ. 28 ಗಂಟೆಯನ್ನು ಎರಡು ಪಾಲು ಮಾಡಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಮೇಲಿನ ದುಡ್ಡಿನ ಥರ ಹತ್ತು ನಿಮಿಷದ್ದು ಬೇಕಾದರೆ ಜೊತೆಗಿರಲಿ.

ಹೆಜ್ಜೆ 4: ವಾರಗಳಿಗೆ ಹಂಚುವುದು

ಸಮನಾಗಿ ಹಂಚಬೇಡಿ. 18 ಗಂಟೆ ಇದ್ದರೆ ಮೊದಲ ವಾರ 5, ಎರಡನೇ ವಾರ 6, ಮೂರನೇ ವಾರ 5, ಕೊನೆಯ ವಾರ 2. ಕೊನೆಯ ವಾರ ಖಾಲಿ ಕಾಣಬೇಕು. ಹಿಂದಿನ ಮೂರು ವಾರದ ಬಾಕಿ ಎಲ್ಲಾ ಬಂದು ಬೀಳುವುದು ಅಲ್ಲಿಗೇ.

ಪ್ರತಿ ವಾರಕ್ಕೂ ಮುಗಿಯುವ ಒಂದು ತುಂಡು ಬರೆಯಿರಿ. ಮೊದಲ ವಾರ ಹಳೆಯ ರಿಪೋರ್ಟಿನ ಡೇಟಾ ಶುಚಿ ಮಾಡಿ ಟೇಬಲ್ ಮಾಡುವುದು. ಎರಡನೇ ವಾರ ಅದರ ಮೇಲೆ ಪಿವಟ್. ಮೂರನೇ ವಾರ ಹೋದ ತಿಂಗಳ ರಿಪೋರ್ಟನ್ನು ಮತ್ತೆ ಮೊದಲಿನಿಂದ ಮಾಡಿ, ಸಹೋದ್ಯೋಗಿ ಮಾಡಿದ್ದಕ್ಕೆ ತಾಳೆ ನೋಡುವುದು. ನಾಲ್ಕನೇ ವಾರ ನಿಜವಾದ ರಿಪೋರ್ಟು. ಕೋರ್ಸಿನ ವಿಡಿಯೊ ಎಷ್ಟು ನೋಡಿದಿರಿ ಎನ್ನುವುದನ್ನು ಎಲ್ಲೂ ಬರೆಯಬೇಡಿ. ವಿಡಿಯೊ ನೋಡುವಾಗ ಎಲ್ಲಾ ಬಂದುಬಿಟ್ಟಿತು ಅನ್ನಿಸುತ್ತದೆ, ಲ್ಯಾಪ್‌ಟಾಪ್ ತೆರೆದರೆ ಕೈ ಓಡುವುದಿಲ್ಲ.

ಹೆಜ್ಜೆ 5: ಹೀಗಾದರೆ ಏನು ಮಾಡುತ್ತೀರಿ?

ಯಾವಾಗ, ಎಲ್ಲಿ ಎಂದು ಬರೆಯದ ಗುರಿಗೆ ಬೆಂಗಳೂರಿನಲ್ಲಿ ಆಯಸ್ಸು ಕಡಿಮೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಇದನ್ನೇ ವರ್ಷಾನುಗಟ್ಟಲೆ ಅಧ್ಯಯನ ಮಾಡಿದವರು. ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಲು ಹೇಳಿದರು. ಅರ್ಧ ಜನರಿಗೆ ಮಾತ್ರ, ಯಾವಾಗ, ಎಲ್ಲಿ ಕೂತು ಬರೆಯುತ್ತೀರಿ ಎಂದು ಮೊದಲೇ ಬರೆದುಕೊಡಿ ಎಂದರು. ಬರೆದುಕೊಡದವರಲ್ಲಿ ಹೊತ್ತಿಗೆ ಸರಿಯಾಗಿ ಮುಗಿಸಿದವರು ಸುಮಾರು ಮೂರನೇ ಒಂದು ಪಾಲು. ಬರೆದುಕೊಟ್ಟವರಲ್ಲಿ ಅದರ ಎರಡರಷ್ಟಕ್ಕೂ ಜಾಸ್ತಿ. ಇವರ 1999ರ ಲೇಖನ ಈ ವಿಷಯದಲ್ಲಿ ಬಹಳ ಪ್ರಸಿದ್ಧ, ಅದರ ತಿರುಳು ಇಷ್ಟೇ: "ಹೀಗಾದರೆ, ನಾನು ಹೀಗೆ ಮಾಡುತ್ತೇನೆ" ಎಂಬ ವಾಕ್ಯವನ್ನು ಮೊದಲೇ ತಯಾರಿಡಿ.

ನಮ್ಮೂರಿಗೆ ಹೊಂದುವ ಕೆಲವು ವಾಕ್ಯ ಕೊಡುತ್ತೇನೆ, ನಿಮ್ಮದು ನೀವೇ ಬರೆದುಕೊಳ್ಳಿ.

ಮೆಜೆಸ್ಟಿಕ್‌ನಲ್ಲಿ ಜನ ಇಳಿದು ಸೀಟು ಸಿಕ್ಕಿದರೆ ನೋಟ್ಸ್ ತೆಗೆದು ಓದುತ್ತೇನೆ; ನಿಂತೇ ಹೋಗಬೇಕಾದರೆ ಇಯರ್‌ಫೋನ್ ಹಾಕಿ ನಿನ್ನೆಯ ಪಾಠ ಕೇಳುತ್ತೇನೆ.

ಸಂಜೆ ಆರಕ್ಕೆ ಮಳೆ ಬಂದು ಊರೆಲ್ಲಾ ಜಾಮ್ ಆದರೆ, ಎಲ್ಲರ ಜೊತೆ ನಾನೂ ರಸ್ತೆಗಿಳಿಯದೆ ಆಫೀಸಿನಲ್ಲೇ ಏಳರವರೆಗೆ ಕೂತು ಅಭ್ಯಾಸ ಮಾಡುತ್ತೇನೆ, ಮನೆಗೆ ಮೊದಲೇ ಒಂದು ಮೆಸೇಜ್ ಹಾಕುತ್ತೇನೆ.

ರಾತ್ರಿ ಅಮೆರಿಕದವರ ಕಾಲ್ ಇದ್ದರೆ ಅಂದಿನ ಪಾಲು ಬೆಳಗ್ಗೆ ಆರಕ್ಕೆ, ಪಕ್ಕದ ಮನೆಯ ಮಿಕ್ಸಿ ಶುರುವಾಗುವ ಮುಂಚೆ.

ಕರೆಂಟ್ ಹೋದರೆ ಪೇಪರ್ ಮೇಲೆ ರಿಪೋರ್ಟಿನ ನಕ್ಷೆ ಬರೆಯುತ್ತೇನೆ.

ನೆಂಟರು ಹೇಳದೆ ಬಂದರೆ ಅಂದು ರಜೆ. ಕಾಫಿ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಆಗುತ್ತದಾ? ಆಗಲ್ಲ.

ರಾತ್ರಿ ಒಂಬತ್ತಕ್ಕೆ ಬಿರಿಯಾನಿ ಆಸೆ ಬಂದರೆ ಮೊದಲು ಫ್ರಿಜ್ಜಿನಲ್ಲಿರುವ ದೋಸೆ ಹಿಟ್ಟಿನಲ್ಲಿ ಎರಡು ದೋಸೆ ಹಾಕಿಕೊಳ್ಳುತ್ತೇನೆ, ಆಮೇಲೂ ಆಸೆ ಇದ್ದರೆ ತರಿಸುತ್ತೇನೆ. ಇದು ಕೆಲಸ ಮಾಡಬೇಕಾದರೆ ಹಿಟ್ಟು ಮನೆಯಲ್ಲಿರಬೇಕು, ಅಂದರೆ ಭಾನುವಾರವೇ ರುಬ್ಬಿಡಬೇಕು ಅಥವಾ ಅಂಗಡಿಯಿಂದ ಪ್ಯಾಕೆಟ್ ತಂದಿಡಬೇಕು. ಇಂಥ ವಾಕ್ಯಗಳಿಗೆಲ್ಲಾ ಹೀಗೆ ಹಿಂದಿನ ದಿನದ ಒಂದು ತಯಾರಿ ಅಂಟಿಕೊಂಡಿರುತ್ತದೆ. ಅದನ್ನೂ ಬರೆಯಿರಿ.

ಮನೆಯಲ್ಲಿ ಕೂರಲು ಜಾಗವೇ ಇಲ್ಲ ಎನ್ನುವವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಬಡಾವಣೆಗಳಲ್ಲಿ ಅದರ ಪುಟ್ಟ ಶಾಖೆಗಳಂಥ ಸಾರ್ವಜನಿಕ ಗ್ರಂಥಾಲಯಗಳೂ ಇವೆ. ಹೋಗುವ ಮುಂಚೆ ಸಮಯ ಮತ್ತು ರಜೆ ವಿಚಾರಿಸಿಕೊಳ್ಳಿ. ಕೆಫೆಯಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ, ದುಡ್ಡು ಉಳಿಸುವ ಗುರಿ ಇಟ್ಟುಕೊಂಡು ಎರಡು ಗಂಟೆ ಕೂತದ್ದಕ್ಕೆ ಮುನ್ನೂರು ರೂಪಾಯಿ ಕಾಫಿ ಕುಡಿಯುವುದು ಯಾವ ನ್ಯಾಯ.

ಹೆಜ್ಜೆ 6: ಯಾರಿಗೆ ಹೇಳಬೇಕು

ಸ್ಟೇಟಸ್‌ನಲ್ಲಿ ಹಾಕಬೇಡಿ. ಕುಟುಂಬದ ಗ್ರೂಪಿನಲ್ಲಂತೂ ಬೇಡವೇ ಬೇಡ, ಮುಗಿಸುವ ಮೊದಲೇ ಇಪ್ಪತ್ತು ಹೆಬ್ಬೆರಳು, ಹತ್ತು "ಶುಭವಾಗಲಿ" ಬಂದು, ಅರ್ಧ ಕೆಲಸ ಆದಷ್ಟೇ ತೃಪ್ತಿ ಕೊಟ್ಟು ಹೋಗುತ್ತವೆ. ಇಬ್ಬರಿಗೆ ಹೇಳಿ ಸಾಕು. ಒಬ್ಬರು, ನಿಮ್ಮ ಗಂಟೆಗಳಿಂದ ಹೊರೆ ಬೀಳುವವರು: "ಮಂಗಳವಾರ, ಗುರುವಾರ ರಾತ್ರಿ ಒಂಬತ್ತರಿಂದ ಹತ್ತು ನಾನು ಲ್ಯಾಪ್‌ಟಾಪ್ ಮುಂದೆ ಇರ್ತೀನಿ, ಪಾತ್ರೆ ನಿಮ್ಮದು, ನಾಲ್ಕು ವಾರ ಅಷ್ಟೇ." ಕೊನೆಯ ತಾರೀಖು ಹೇಳಿದರೆ ಮನೆಯವರು ಒಪ್ಪುವುದು ಸುಲಭ. ಇನ್ನೊಬ್ಬರು, ಭಾನುವಾರ ನಿಮ್ಮನ್ನು ಮುಲಾಜಿಲ್ಲದೆ ಕೇಳುವ ಸ್ನೇಹಿತರು.

ಹೆಜ್ಜೆ 7: ದಿನದ ಗುರುತು, ಭಾನುವಾರದ ಲೆಕ್ಕ

ಗೋಡೆ ಕ್ಯಾಲೆಂಡರಿನಲ್ಲಿ ಅಂದಂದಿನ ಚೌಕದಲ್ಲಿ ಎಷ್ಟು ನಿಮಿಷ ಕೂತಿರಿ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಆಗುತ್ತದೆ. ಒಂದೇ ಸಲ ಒಂದು ಗಂಟೆ ಕೂರಲು ಆಗದವರು ಇಟಲಿಯ ಫ್ರಾಂಚೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ ಹುಟ್ಟುಹಾಕಿದ ಪೊಮೊಡೊರೊ ಕ್ರಮ ಬಳಸಿ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಫೋನಿನ ಟೈಮರ್ ಸಾಕು, ಆದರೆ ಟೈಮರ್ ಹಾಕಿ ಫೋನನ್ನು ಬೇರೆ ಕೋಣೆಯಲ್ಲಿಡಿ.

ಒಂದು ದಿನ ತಪ್ಪಿದರೆ ಮಾರನೇ ದಿನ ಎರಡರಷ್ಟು ಮಾಡಲು ಹೋಗಬೇಡಿ. ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲೂ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ತಪ್ಪಿದ್ದು ನಾಲ್ಕನೇ ವಾರಕ್ಕೆ ಹೋಗಲಿ, ಅದಕ್ಕೇ ಆ ವಾರ ಖಾಲಿ ಇಟ್ಟದ್ದು.

ಭಾನುವಾರ ತಿಂಡಿ ಆದಮೇಲೆ ಕಾಲು ಗಂಟೆ ಕೂರಿ. ವಾರದ ತುಂಡು ಮುಗಿಯಿತಾ, ಅಂದುಕೊಂಡದ್ದು ಎಷ್ಟು ಗಂಟೆ, ಹಿಡಿದದ್ದು ಎಷ್ಟು, ಯಾವ "ಹೀಗಾದರೆ" ವಾಕ್ಯ ಕೈಕೊಟ್ಟಿತು. ಕೈಕೊಟ್ಟ ವಾಕ್ಯವನ್ನು ಅಲ್ಲೇ ಬದಲಾಯಿಸಿ. ಬೆಳಗ್ಗೆ ಆರಕ್ಕೆ ಏಳುವುದು ವಾರದಲ್ಲಿ ಒಂದು ಸಲವೂ ಆಗಲಿಲ್ಲ ಎಂದರೆ ಮುಂದಿನ ವಾರ ಛಲದಿಂದ ಏಳುತ್ತೇನೆ ಎಂದು ಬರೆಯುವುದರಲ್ಲಿ ಅರ್ಥವಿಲ್ಲ, ಆ ಪಾಲನ್ನು ಶನಿವಾರಕ್ಕೆ ಹಾಕಿ.

ಎರಡನೇ ಭಾನುವಾರದ ಲೆಕ್ಕ ಸ್ವಲ್ಪ ಗಟ್ಟಿಯಾಗಿರಲಿ. ಅಷ್ಟರಲ್ಲಿ 11 ಗಂಟೆಯ ಕೆಲಸ ಮುಗಿದಿರಬೇಕು. ಅರ್ಧವೂ ಆಗಿಲ್ಲ ಎಂದರೆ ಗುರಿಯ ಬಾಲ ಕತ್ತರಿಸಿ: ಪೂರ್ತಿ ರಿಪೋರ್ಟಿನ ಬದಲು ಒಂದೇ ವಲಯದ ರಿಪೋರ್ಟು. ನಿದ್ದೆಯ 49 ಗಂಟೆಗೆ ಮಾತ್ರ ಕೈ ಹಾಕಬೇಡಿ. ಹಾಕಿದರೆ ಮೂರನೇ ವಾರ ಮೆಟ್ರೊದಲ್ಲಿ ಓದುವ ಬದಲು ನಿಂತಲ್ಲೇ ತೂಕಡಿಸುತ್ತೀರಿ.

ನಾಲ್ಕನೇ ಭಾನುವಾರ

ಆಯಿತು ಅಥವಾ ಆಗಲಿಲ್ಲ, ಎರಡರಲ್ಲಿ ಒಂದು ಬರೆಯಿರಿ. "ಸುಮಾರಾಗಿ ಆಯ್ತು" ಎನ್ನುವುದು ಬೇಡ. ಆಗದೇ ಇದ್ದರೆ ಅದೇ ಗುರಿಯನ್ನು ಮಾರನೇ ದಿನವೇ ಮತ್ತೆ ಶುರು ಮಾಡದೆ ಒಂದು ವಾರ ಬಿಡಿ. ಆ ವಾರದಲ್ಲಿ ಅದು ನೆನಪಿಗೇ ಬರದಿದ್ದರೆ ಆ ಗುರಿ ನಿಮ್ಮದಲ್ಲ, ಯಾರನ್ನೋ ನೋಡಿ ಇಟ್ಟುಕೊಂಡದ್ದು, ಬಿಟ್ಟುಬಿಡಿ.

ಕ್ಯಾಲೆಂಡರಿನ ಚೌಕಗಳಲ್ಲಿರುವ ನಿಮಿಷಗಳನ್ನು ಕೂಡಿಸುವುದನ್ನು ಮರೆಯಬೇಡಿ. 18 ಗಂಟೆ ಎಂದುಕೊಂಡ ಕೆಲಸಕ್ಕೆ 25 ಗಂಟೆ ಹಿಡಿದಿದ್ದರೆ ನಿಮ್ಮ ಪಟ್ಟು ಸುಮಾರು 1.4. ಮುಂದಿನ ನಾಲ್ಕು ವಾರಕ್ಕೆ ಗುರಿ ಇಡುವಾಗ ಕೆನಡಾದ ವಿದ್ಯಾರ್ಥಿಗಳ 1.6 ಬಿಟ್ಟು ಈ ಅಂಕಿಯನ್ನೇ ಹಾಕಿ: 28 ಭಾಗಿಸು 1.4, ಅಂದರೆ ಈ ಸಲ 20 ಗಂಟೆಯ ಕೆಲಸ ಹಿಡಿಸುತ್ತದೆ.